ಒಂದೇ ಒಡಲು, ಬೇರೆ ಬೇರೆ ಬಾವಿ

ಸಕ್ಕರೆ ಕಾಯಿಲೆ, ಬಿಪಿ, ಮಂಡಿನೋವು, ವಯಸ್ಸಾದ ಮೇಲೆ ಬರುವ ಅರಳುಮರಳು, ಯಾವುದರ ಪ್ರಸ್ತಾಪ ಬಂದರೂ ಕೋಲಾರದ ಸೀಮೆಯಲ್ಲಿ ಒಂದು ಮಾತು ತಪ್ಪದೆ ಕೇಳಿಬರುತ್ತದೆ: ‘ಅದು ನಮ್ಮ ಮನೆತನದಲ್ಲೇ ಇದೆ.’ ಈ ಮಾತಿನೊಳಗೆ ಕಂಡದ್ದೂ ಇದೆ, ಕಟ್ಟಿಕೊಂಡದ್ದೂ ಇದೆ. ಕಂಡದ್ದು ಬಹುಮಟ್ಟಿಗೆ ನಿಜ; ಅಪ್ಪನಿಗೆ ಬಂದದ್ದು ಮಗನಿಗೂ ಅಜ್ಜಿಗೆ ಬಂದದ್ದು ಮೊಮ್ಮಗಳಿಗೂ ಬರುವುದನ್ನು ಜನ ಸರಿಯಾಗಿಯೇ ಗಮನಿಸಿದ್ದಾರೆ. ಕಟ್ಟಿಕೊಂಡದ್ದು ಯಾವುದೆಂದರೆ, ರಕ್ತದಲ್ಲಿ ಬಂದದ್ದಕ್ಕೆ ಯಾರೇನು ಮಾಡಲಾದೀತು ಎಂಬ ತೀರ್ಮಾನ. ಮನೆತನದಲ್ಲಿ ಹರಿದು ಬರುವುದು ರಕ್ತವೊಂದೇ ಎಂದು ಈ ತೀರ್ಮಾನ ನಂಬಿದೆ. ಆದರೆ ಒಂದು ಮನೆಯವರು ಒಂದೇ ಒಲೆಯ ಅಡುಗೆ ಉಣ್ಣುತ್ತಾರೆ, ಒಂದೇ ಬೋರ್‌ವೆಲ್ಲಿನ ನೀರು ಕುಡಿಯುತ್ತಾರೆ, ಒಂದೇ ಹೊಗೆಯನ್ನು ಉಸಿರಾಡುತ್ತಾರೆ, ಒಂದೇ ಸಾಲದ ಚಿಂತೆಯಲ್ಲಿ ನಿದ್ದೆಗೆಡುತ್ತಾರೆ. ಕುರುಡುಮಲೆಯ ಸೋಮೇಶ್ವರ ಗುಡಿಯಲ್ಲಿ ಒಂದು ಭಾಗ ಜಕಣಾಚಾರಿಯದು, ಇನ್ನೊಂದು ಭಾಗ ಅವನ ಮಗ ಡಂಕಣನದು ಎಂಬ ಐತಿಹ್ಯವಿದೆ. ಅದರ ಚಾರಿತ್ರಿಕತೆಯನ್ನು ಬದಿಗಿಟ್ಟು ಕತೆಯನ್ನಷ್ಟೇ ನೋಡೋಣ: ಅಪ್ಪನ ಮುಖವನ್ನೇ ಕಾಣದೆ ಬೆಳೆದ ಮಗ ಅಪ್ಪನಷ್ಟೇ ನುರಿತ ಶಿಲ್ಪಿಯಾದ. ಕೇಳಿದವರಲ್ಲಿ ಒಬ್ಬರು ಇದು ರಕ್ತದ ಗುಣ ಎನ್ನುತ್ತಾರೆ. ಇನ್ನೊಬ್ಬರು ಕಲ್ಲು ಕಡೆಯುವವರ ನಡುವೆ ಬೆಳೆದವನಿಗೆ ಉಳಿ ಹಿಡಿಯಲು ಬಾರದಿರುತ್ತದೆಯೇ ಎನ್ನುತ್ತಾರೆ. ಒಂದೇ ಒಂದು ಅಪ್ಪ ಮಗನ ಜೋಡಿಯನ್ನು ಮುಂದಿಟ್ಟುಕೊಂಡು ಈ ಜಗಳವನ್ನು ತೀರಿಸಲು ಆಗದು. ತೀರಿಸಲು ಬೇಕಾದ ಸಾಮಗ್ರಿ ಯಾವುದು, ಅದು ಇದುವರೆಗೆ ಏನನ್ನು ತೋರಿಸಿದೆ, ನಮ್ಮ ಜಿಲ್ಲೆಯಲ್ಲಿ ಅದನ್ನು ಹೇಗೆ ಕೂಡಿಸಬಹುದು ಎಂಬುದೇ ಈ ಉಪನ್ಯಾಸದ ವಿಷಯ. ‘ಮನೆತನದ ಕಾಯಿಲೆ’ ಎಂದಾಗ ವಿಚಾರಣೆ ಮುಗಿಯುವುದಿಲ್ಲ, ಶುರುವಾಗುತ್ತದೆ ಎಂಬುದು ನನ್ನ ವಾದ.

ವಿಧಾನದ ಮೂಲ ಯುಕ್ತಿ ನಮ್ಮ ರೇಷ್ಮೆ ಬೆಳೆಗಾರರಿಗೆ ಹೊಸದಲ್ಲ. ಒಂದೇ ಚಾಕಿ ಕೇಂದ್ರದಿಂದ ಒಂದೇ ದಿನ ತಂದ ಹುಳು ಒಬ್ಬರ ಮನೆಯಲ್ಲಿ ಗಟ್ಟಿ ಗೂಡು ಕಟ್ಟುತ್ತದೆ, ಪಕ್ಕದ ಮನೆಯಲ್ಲಿ ಸಪ್ಪೆ ರೋಗಕ್ಕೆ ಸಿಕ್ಕಿ ತಟ್ಟೆಯಲ್ಲೇ ಸಾಯುತ್ತದೆ. ಆಗ ಅನುಭವಸ್ಥ ರೈತ ತಳಿಯನ್ನು ಬೈಯುವುದಿಲ್ಲ. ಸೊಪ್ಪು ಹೇಗಿತ್ತು, ಮನೆಗೆ ಗಾಳಿ ಆಡುತ್ತಿತ್ತೇ, ಸೋಂಕು ನಿವಾರಣೆ ಸರಿಯಾಗಿ ಆಗಿತ್ತೇ ಎಂದು ಕೇಳುತ್ತಾನೆ. ಅದೇ ಮನೆಯಲ್ಲಿ, ಅದೇ ಸೊಪ್ಪಿನಲ್ಲಿ ಮಿಶ್ರತಳಿ ಬದುಕಿ ದ್ವಿತಳಿ ಸೋತರೆ ತಳಿಯ ಕಡೆ ನೋಡುತ್ತಾನೆ. ಒಂದನ್ನು ಸ್ಥಿರವಾಗಿಟ್ಟು ಇನ್ನೊಂದರ ಪ್ರಭಾವವನ್ನು ಅಳೆಯುವುದು ಅಂದರೆ ಇಷ್ಟೇ. ಮನುಷ್ಯರಲ್ಲಿ ಹೀಗೆ ತಳಿ ಕಟ್ಟಿ ಪರೀಕ್ಷೆ ಮಾಡಲು ಆಗುವುದಿಲ್ಲ, ಆಗಲೂಬಾರದು. ಆದರೆ ಪ್ರಕೃತಿಯೇ ಅವಳಿ ಜವಳಿಗಳ ರೂಪದಲ್ಲಿ ಆ ಪರೀಕ್ಷೆಯನ್ನು ನಡೆಸಿಕೊಡುತ್ತದೆ. ಒಂದೇ ಅಂಡ ಒಡೆದು ಹುಟ್ಟಿದ ತದ್ರೂಪಿ ಅವಳಿಗಳ ಆನುವಂಶಿಕ ಬರಹ ಹೆಚ್ಚುಕಡಿಮೆ ಒಂದೇ. ಎರಡು ಅಂಡಗಳಿಂದ ಹುಟ್ಟಿದ ಭಿನ್ನ ಅವಳಿಗಳಿಗೆ ಸಾಮಾನ್ಯ ಒಡಹುಟ್ಟಿದವರಂತೆ ಸರಾಸರಿ ಅರ್ಧದಷ್ಟು ಸಮಾನ. ಎರಡೂ ಬಗೆಯ ಅವಳಿಗಳು ಒಂದೇ ಬಸಿರಿನಲ್ಲಿ ಬೆಳೆದವರು, ಒಂದೇ ಮನೆಯಲ್ಲಿ ಆಡಿದವರು. ಒಂದು ಕಾಯಿಲೆ ತದ್ರೂಪಿಗಳಲ್ಲಿ ಇಬ್ಬರಿಗೂ ಬರುವುದು ಭಿನ್ನ ಅವಳಿಗಳಿಗಿಂತ ಎಷ್ಟು ಹೆಚ್ಚು ಎಂದು ಎಣಿಸಿದರೆ ಆನುವಂಶಿಕತೆಯ ಪಾಲು ತಿಳಿಯುತ್ತದೆ. ಫ್ರಾನ್ಸಿಸ್ ಗಾಲ್ಟನ್ 1875ರಲ್ಲಿ ಅವಳಿಗಳ ಕಡೆ ವಿಜ್ಞಾನದ ಗಮನ ಸೆಳೆದ. ಎರಡು ಬಗೆಯ ಅವಳಿಗಳನ್ನು ಹೋಲಿಸುವ ಕ್ರಮ 1920ರ ದಶಕದಲ್ಲಿ ರೂಪುಗೊಂಡಿತು. ಗಾಲ್ಟನ್ ಇದೇ ವಿಚಾರವನ್ನು ಹಿಡಿದು ಕೆಲವು ಕುಲಗಳು ಶ್ರೇಷ್ಠ, ಕೆಲವು ಕೀಳು ಎಂಬ ಘೋರ ಸಿದ್ಧಾಂತದ ಕಡೆಗೂ ನಡೆದ ಎಂಬುದನ್ನು ಮರೆಯುವಂತಿಲ್ಲ. ಆದರೆ ಅವನು ಹಿಡಿದ ಉಪಕರಣವೇ ಅವನ ಸಿದ್ಧಾಂತವನ್ನು ಸಡಿಲಿಸಿತು.

ಡೆನ್ಮಾರ್ಕ್ 1954ರಲ್ಲಿ ಅವಳಿಗಳ ರಾಷ್ಟ್ರೀಯ ದಾಖಲೆ ಶುರುಮಾಡಿ, 1870ರಿಂದ ಹುಟ್ಟಿದ ಜೋಡಿಗಳನ್ನೂ ಹುಡುಕಿ ಸೇರಿಸಿತು. ಅದರಲ್ಲಿ 1870ರಿಂದ 1900ರವರೆಗೆ ಹುಟ್ಟಿದ 2,872 ಜೋಡಿಗಳನ್ನು ಸಾವಿನವರೆಗೆ ಹಿಂಬಾಲಿಸಿ 1996ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, ಆಯುಸ್ಸಿನ ಏರಿಳಿತದಲ್ಲಿ ಆನುವಂಶಿಕತೆಯ ಪಾಲು ಸುಮಾರು ಕಾಲು ಭಾಗ. ಅಪಘಾತ, ಸೋಂಕುಗಳಿಂದಾದ ಸಾವನ್ನು ತೆಗೆದು ಲೆಕ್ಕ ಹಾಕಿದರೆ ಈ ಪಾಲು ಹಿಗ್ಗುತ್ತದೆ. ಸುತ್ತಲಿನ ಅಪಾಯ ಕಡಿಮೆಯಾದಂತೆ ‘ರಕ್ತದ ಪಾಲು’ ದೊಡ್ಡದಾಗಿ ಕಾಣುತ್ತದೆ ಎಂಬ ಈ ಸಂಗತಿ ಮುಂದೆ ಮತ್ತೆ ಬೇಕಾಗುತ್ತದೆ. ಸ್ವೀಡನ್, ಡೆನ್ಮಾರ್ಕ್, ಫಿನ್ಲೆಂಡ್ ಮೂರೂ ದೇಶಗಳ 44,788 ಅವಳಿ ಜೋಡಿಗಳನ್ನು ಕೂಡಿಸಿ 2000ದಲ್ಲಿ ಕ್ಯಾನ್ಸರಿನ ಲೆಕ್ಕ ಹಾಕಿದಾಗ ಆನುವಂಶಿಕತೆಯ ಪಾಲು ಪ್ರಾಸ್ಟೇಟ್ ಕ್ಯಾನ್ಸರಿನಲ್ಲಿ ಶೇ 42, ದೊಡ್ಡ ಕರುಳಿನದರಲ್ಲಿ ಶೇ 35, ಸ್ತನ ಕ್ಯಾನ್ಸರಿನಲ್ಲಿ ಶೇ 27 ಎಂದು ಬಂತು. ಅಂದರೆ, ಯಾವುದರಲ್ಲೂ ಅದು ಅರ್ಧವನ್ನು ಮುಟ್ಟಲಿಲ್ಲ. ಇದಕ್ಕಿಂತ ನೇರವಾದ ಪುರಾವೆ ಧೂಮಪಾನದ್ದು. ಸಂಖ್ಯಾಶಾಸ್ತ್ರದ ಮಹಾಪುರುಷ ಆರ್. ಎ. ಫಿಶರ್ 1958ರಲ್ಲಿ ಅವಳಿಗಳ ಅಂಕಿಗಳನ್ನೇ ಮುಂದಿಟ್ಟು, ಸಿಗರೇಟಿನ ಚಟವೂ ಶ್ವಾಸಕೋಶದ ಕ್ಯಾನ್ಸರೂ ಒಂದೇ ಆನುವಂಶಿಕ ಬೇರಿನಿಂದ ಹುಟ್ಟುತ್ತಿರಬಹುದು, ಸಿಗರೇಟನ್ನು ದೂರುವುದು ಅವಸರ ಎಂದು ವಾದಿಸಿದ. ತರ್ಕವಾಗಿ ಇದು ಸಣ್ಣ ಆಕ್ಷೇಪವಲ್ಲ. ಇದಕ್ಕೆ ಉತ್ತರ ಸಿಗುವ ಜಾಗ ಒಂದೇ: ಒಬ್ಬ ಸೇದುವ, ಇನ್ನೊಬ್ಬ ಸೇದದ ತದ್ರೂಪಿ ಅವಳಿಗಳು. ಫಿನ್ಲೆಂಡಿನಲ್ಲಿ ಅಂಥ ಜೋಡಿಗಳನ್ನು 12 ವರ್ಷ ಹಿಂಬಾಲಿಸಿದಾಗ ಸೇದುವವರೇ ಹೆಚ್ಚಾಗಿ ಮೊದಲು ಸತ್ತರು. ಬೇರು ಒಂದೇ, ಗತಿ ಬೇರೆ. ನಡುವೆ ಇದ್ದದ್ದು ಹೊಗೆ. ಅವಳಿ ಅಧ್ಯಯನದ ಅತ್ಯಂತ ಬೆಲೆಯುಳ್ಳ ಫಲ ನನ್ನ ಕಣ್ಣಿಗೆ ಇಲ್ಲಿದೆ. ಜನ ಅವಳಿಗಳ ಹೋಲಿಕೆಯನ್ನು ಕಂಡು ಬೆರಗಾಗುತ್ತಾರೆ. ವೈದ್ಯವಿಜ್ಞಾನಕ್ಕೆ ಹೆಚ್ಚು ಕಲಿಸಿದ್ದು ಅವರ ವ್ಯತ್ಯಾಸ.

ಇಲ್ಲಿ ಒಂದು ಗಂಭೀರ ತೊಡಕಿದೆ. 2006ರಲ್ಲಿ ಪ್ರಕಟವಾದ ಸ್ವೀಡನ್ನಿನ ಅವಳಿ ಅಧ್ಯಯನ ಅಲ್ಝೈಮರ್ ಕಾಯಿಲೆಯಲ್ಲಿ ಆನುವಂಶಿಕತೆಯ ಪಾಲು ಶೇ 58ರಿಂದ 79 ಎಂದಿತು. 2024ರಲ್ಲಿ ಲ್ಯಾನ್ಸೆಟ್ ಆಯೋಗ, ಎಳವೆಯ ಶಿಕ್ಷಣದ ಕೊರತೆ, ಕಿವಿ ಮಂದವಾಗುವುದು, ರಕ್ತದೊತ್ತಡ, ಸಕ್ಕರೆ ಕಾಯಿಲೆ, ಹೊಗೆ, ಒಂಟಿತನ ಮೊದಲಾದ 14 ಅಂಶಗಳನ್ನು ಸರಿಪಡಿಸಿದರೆ ಡಿಮೆನ್ಶಿಯಾದ ಸುಮಾರು ಶೇ 45 ಭಾಗವನ್ನು ತಡೆಯಬಹುದು ಅಥವಾ ಮುಂದೂಡಬಹುದು ಎಂದಿತು. ಒಂದು ಆಯೋಗ ಅರ್ಧದಷ್ಟನ್ನು ತಡೆಯಬಹುದೆನ್ನುವಾಗ ಮುಕ್ಕಾಲು ಪಾಲು ರಕ್ತದ್ದಾಗುವುದು ಹೇಗೆ, ಎರಡರಲ್ಲಿ ಒಂದು ಸುಳ್ಳಿರಬೇಕಲ್ಲವೇ ಎಂದು ಕೇಳುವುದು ಸಹಜ. ಎರಡೂ ನಿಜ. ಆನುವಂಶಿಕತೆಯ ಶೇಕಡಾ ಲೆಕ್ಕ ಒಬ್ಬ ಮನುಷ್ಯನ ಕಾಯಿಲೆಯನ್ನು ಪಾಲು ಹಾಕುವುದಿಲ್ಲ. ಒಂದು ಕಾಲದ, ಒಂದು ನಾಡಿನ ಜನರ ನಡುವಿನ ವ್ಯತ್ಯಾಸದಲ್ಲಿ ಎಷ್ಟು ಅವರ ಆನುವಂಶಿಕ ವ್ಯತ್ಯಾಸಕ್ಕೆ ಹೊಂದಿಕೆಯಾಗುತ್ತದೆ ಎಂಬುದನ್ನಷ್ಟೇ ಅದು ಹೇಳುತ್ತದೆ. ಸ್ವೀಡನ್ನಿನಲ್ಲಿ ಹೆಚ್ಚುಕಡಿಮೆ ಎಲ್ಲರೂ ಶಾಲೆಗೆ ಹೋದವರು. ಹಾಗಾಗಿ ಶಾಲೆ ಅಲ್ಲಿ ಜನರನ್ನು ಬೇರ್ಪಡಿಸುವುದಿಲ್ಲ, ಲೆಕ್ಕದಲ್ಲೂ ಕಾಣುವುದಿಲ್ಲ. ಶಾಲೆಯ ಮುಖ ಕಾಣದ ಅಜ್ಜಿ ತಾತಂದಿರಿರುವ ನಮ್ಮ ಜಿಲ್ಲೆಯ ಶ್ರೀನಿವಾಸಪುರದಲ್ಲಿ ಅದೇ ಲೆಕ್ಕ ಹಾಕಿದರೆ ಅದೇ ಉತ್ತರ ಬರಬೇಕೆಂದಿಲ್ಲ. ಮೈಯ ಎತ್ತರವನ್ನೇ ನೋಡಿ. ಅದರಲ್ಲಿ ಆನುವಂಶಿಕತೆಯ ಪಾಲು ಶೇ 80ರ ಹತ್ತಿರ. ಆದರೂ ದಕ್ಷಿಣ ಕೊರಿಯದ ಹೆಂಗಸರ ಸರಾಸರಿ ಎತ್ತರ ಒಂದು ಶತಮಾನದಲ್ಲಿ ಸುಮಾರು 20 ಸೆಂಟಿಮೀಟರ್ ಏರಿತು. ಅಷ್ಟರೊಳಗೆ ರಕ್ತ ಬದಲಾಗುವುದಿಲ್ಲ, ಊಟ ಬದಲಾಗುತ್ತದೆ. ಇನ್ನೂ ಕಟುವಾದ ಉದಾಹರಣೆ ಫಿನೈಲ್‌ಕೀಟೋನ್ಯೂರಿಯ. ತಾಯಿ ತಂದೆ ಇಬ್ಬರಿಂದಲೂ ದೋಷದ ಪ್ರತಿ ಬಂದರೆ ಮಾತ್ರ ಬರುವ, ಪೂರ್ತಿ ಆನುವಂಶಿಕವಾದ ಕಾಯಿಲೆ ಅದು. ಹುಟ್ಟಿದ ಕೆಲವೇ ದಿನಗಳಲ್ಲಿ ಪತ್ತೆ ಹಚ್ಚಿ ಒಂದು ಅಮೈನೋ ಆಮ್ಲ ಕಡಿಮೆಯಿರುವ ಆಹಾರ ಕೊಟ್ಟರೆ ಮಗುವಿನ ಬುದ್ಧಿ ಉಳಿಯುತ್ತದೆ. ನೂರಕ್ಕೆ ನೂರು ರಕ್ತದ್ದು, ಆದರೂ ಮದ್ದು ಊಟದ ತಟ್ಟೆಯಲ್ಲಿದೆ. ಆನುವಂಶಿಕ ಅಂದರೆ ಬದಲಿಸಲಾಗದ್ದು ಎಂಬ ನಂಬಿಕೆಗೆ ಇದಕ್ಕಿಂತ ಸ್ಪಷ್ಟವಾದ ಉತ್ತರ ಬೇಕಿಲ್ಲ.

ಕರ್ನಾಟಕದಲ್ಲಿ ಮನೆತನದ ಸಾಕ್ಷ್ಯ ಎರಡೂ ದಿಕ್ಕಿಗೆ ನಡೆದಿದೆ. ಸಾಗರದ ಬಳಿಯ ಹಂದಿಗೋಡಿನಲ್ಲಿ 1970ರ ದಶಕದ ನಡುವೆ ಒಂದು ಭೀಕರ ಕಾಯಿಲೆ ಬೆಳಕಿಗೆ ಬಂತು: ಸೊಂಟದ, ಮಂಡಿಯ ಕೀಲುಗಳು ಸವೆದು ಜನ ನಡೆಯಲಾರದೆ ತೆವಳುವ ಸ್ಥಿತಿ. ಕೀಟನಾಶಕ ಸಿಂಪಡಿಸಿದ ಗದ್ದೆಯ ಏಡಿ, ಮೀನು ತಿಂದದ್ದು ಕಾರಣವಿರಬಹುದೆಂದು ಮೊದಲು ಶಂಕಿಸಿದರು. ಬಡ ಕೂಲಿಗಳ ಊಟವೇ ಅದಾಗಿದ್ದರಿಂದ ಶಂಕೆ ಅಸಹಜವಾಗಿರಲಿಲ್ಲ. ಆದರೆ ವಂಶವೃಕ್ಷಗಳನ್ನು ಬರೆದು ಮನೆಮನೆಯ ತಲೆಮಾರುಗಳನ್ನು ಕೂಡಿಸಿ ನೋಡಿದಾಗ, ಕಾಯಿಲೆಯಿರುವ ತಂದೆ ಅಥವಾ ತಾಯಿಯ ಮಕ್ಕಳಲ್ಲಿ ಅದು ಹರಡಿದ ಬಗೆ, ಒಂದೇ ಪ್ರತಿಯಿಂದ ದಾಟುವ ಆನುವಂಶಿಕ ದೋಷಕ್ಕೆ ಹೊಂದಿತು. ಪರಿಸರದ ಕಾಯಿಲೆ ಎಂದುಕೊಂಡದ್ದು ರಕ್ತದ್ದಾಗಿತ್ತು. ಈ ಅರಿವು ಆ ಕುಟುಂಬಗಳಿಗೆ ಇನ್ನೂ ಮದ್ದು ತಂದುಕೊಟ್ಟಿಲ್ಲ ಎಂಬುದು ನೋವಿನ ಸತ್ಯ. ಆದರೆ ತಪ್ಪು ಕಾರಣವನ್ನು ಬೆನ್ನಟ್ಟುತ್ತಾ ಹೋದರೆ ಮದ್ದು ಎಂದಿಗೂ ಸಿಗುವುದಿಲ್ಲ.

ಮೈಸೂರಿನ ಕತೆ ಎದುರು ದಿಕ್ಕಿನದು. ಅಲ್ಲಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಕೂಸುಗಳ ತೂಕವನ್ನು ಶ್ರದ್ಧೆಯಿಂದ ಬರೆದಿಟ್ಟಿದ್ದರು. 1934ರಿಂದ 1954ರವರೆಗೆ ಅಲ್ಲಿ ಹುಟ್ಟಿದ 517 ಜನರನ್ನು ಪತ್ತೆ ಹಚ್ಚಿ 1996ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹುಟ್ಟುತೂಕ ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆಯಿದ್ದವರಲ್ಲಿ ಶೇ 11 ಮಂದಿಗೆ ಹೃದಯದ ರಕ್ತನಾಳದ ಕಾಯಿಲೆಯಿತ್ತು, 3.1 ಕಿಲೋ ಅಥವಾ ಹೆಚ್ಚಿದ್ದವರಲ್ಲಿ ಶೇ 3 ಮಂದಿಗೆ. ನಡುವಯಸ್ಸಿನ ಎದೆನೋವಿನ ಬೇರು ಬಸಿರಿನಲ್ಲಿತ್ತು. ಇಲ್ಲೂ ಫಿಶರನ ಪ್ರಶ್ನೆ ಏಳುತ್ತದೆ: ಒಂದೇ ಆನುವಂಶಿಕ ಗುಣ ಕೂಸನ್ನೂ ಸಣ್ಣದಾಗಿಸಿ ಹೃದಯವನ್ನೂ ಕೆಡಿಸುತ್ತಿರಬಹುದಲ್ಲ? ಉತ್ತರ ಮತ್ತೆ ಅವಳಿಗಳಲ್ಲೇ. ಒಂದೇ ಬಸಿರಿನಲ್ಲಿ ಒಂದು ಕೂಸು ದಪ್ಪ, ಇನ್ನೊಂದು ಸಣ್ಣ ಆಗಿ ಹುಟ್ಟುವುದುಂಟು. 2007ರಲ್ಲಿ ಪ್ರಕಟವಾದ ಸ್ವೀಡನ್ನಿನ ಲೆಕ್ಕ, ಆನುವಂಶಿಕ ಸಮಾನತೆಯನ್ನು ಕಳೆದ ಮೇಲೂ ಕಡಿಮೆ ಹುಟ್ಟುತೂಕಕ್ಕೂ ಮುಂದಿನ ರಕ್ತದೊತ್ತಡಕ್ಕೂ ನಂಟು ಉಳಿಯುತ್ತದೆಂದು ತೋರಿಸಿತು. ಮೈಸೂರಿನಲ್ಲೇ 1997ರಿಂದ ನಡೆದ ಪಾರ್ಥೆನಾನ್ ಅಧ್ಯಯನ ಇನ್ನೊಂದು ಸೊಗಸಾದ ಹೋಲಿಕೆಯನ್ನು ಬಳಸಿತು. ಅಪ್ಪ ಮಗುವಿಗೆ ರಕ್ತವನ್ನು ಕೊಡುತ್ತಾನೆ; ಅಮ್ಮ ರಕ್ತವನ್ನೂ ಒಂಬತ್ತು ತಿಂಗಳ ಬಸಿರನ್ನೂ ಕೊಡುತ್ತಾಳೆ. ಬಸಿರಿನಲ್ಲಿ ಸಕ್ಕರೆ ಕಾಯಿಲೆ ಇದ್ದ ತಾಯಂದಿರ ಮಕ್ಕಳಲ್ಲಿ, ಅದರಲ್ಲೂ ಹೆಣ್ಣುಮಕ್ಕಳಲ್ಲಿ, ಕೊಬ್ಬು ಮತ್ತು ಇನ್ಸುಲಿನ್ ಹೆಚ್ಚಿರುವುದು ಕಂಡಿತು. ಸಕ್ಕರೆ ಕಾಯಿಲೆಯ ತಂದೆಯರ ಮಕ್ಕಳಲ್ಲಿ ಅದರ ಛಾಯೆ ಮಸುಕಾಗಿತ್ತು. ‘ಅಮ್ಮನಿಂದ ಬಂತು’ ಎಂಬ ಒಂದೇ ಮಾತಿನಲ್ಲಿ ಎರಡು ದಾರಿಗಳಿವೆ. ಎರಡನೆಯದನ್ನು ಬಸುರಿಯ ಆರೈಕೆಯಿಂದ ತಿದ್ದಬಹುದು.

ಇಷ್ಟು ಒಪ್ಪಿದರೂ ನಮ್ಮಲ್ಲಿ ಸ್ವೀಡನ್ನಿನಂಥ ದಾಖಲೆ ಇಲ್ಲ, ತದ್ರೂಪಿ ಅವಳಿಗಳು ಸಾವಿರ ಹೆರಿಗೆಗೆ ನಾಲ್ಕರ ಆಸುಪಾಸು, ಹಳ್ಳಿ ಹಳ್ಳಿ ಹುಡುಕಿದರೂ ಎಷ್ಟು ಜೋಡಿ ಸಿಕ್ಕಾರು ಎಂಬುದು ನ್ಯಾಯವಾದ ಪ್ರಶ್ನೆ. ಅವಳಿಗಳಿಗೇ ಕಾಯಬೇಕಾಗಿಲ್ಲ, ಒಡಹುಟ್ಟಿದವರು ಸಾಕು ಎಂಬುದಕ್ಕೆ ಬೆಂಗಳೂರೇ ಸಾಕ್ಷಿ. ಲಖನೌ, ನಾಗಪುರ, ಹೈದರಾಬಾದ್, ಬೆಂಗಳೂರು ನಗರಗಳ ಕಾರ್ಖಾನೆಗಳಲ್ಲಿ ಕೆಲಸಕ್ಕೆಂದು ಹಳ್ಳಿಯಿಂದ ಬಂದವರನ್ನೂ ಹಳ್ಳಿಯಲ್ಲೇ ಉಳಿದ ಅವರ ಒಡಹುಟ್ಟಿದವರನ್ನೂ ಹೋಲಿಸಿದ ಭಾರತೀಯ ವಲಸೆ ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಗಂಡಸರಲ್ಲಿ ಸಕ್ಕರೆ ಕಾಯಿಲೆ ಹಳ್ಳಿಯಲ್ಲಿ ಶೇ 6.2, ವಲಸೆ ಬಂದವರಲ್ಲಿ ಶೇ 14.3, ನಗರದಲ್ಲೇ ಇದ್ದವರಲ್ಲಿ ಶೇ 13.5. ಬೊಜ್ಜು ಹಳ್ಳಿಯಲ್ಲಿ ಶೇ 19, ವಲಸಿಗರಲ್ಲಿ ಶೇ 37.8. ಒಂದೇ ತಾಯಿಯ ಮಕ್ಕಳಲ್ಲಿ ಒಬ್ಬ ಬಸ್ಸು ಹತ್ತಿದ, ಒಬ್ಬ ಹೊಲದಲ್ಲಿ ಉಳಿದ. ಬಸ್ಸು ಹತ್ತಿದವನ ಸಕ್ಕರೆ ಕಾಯಿಲೆಯ ಅಪಾಯ ಇಮ್ಮಡಿಯನ್ನು ದಾಟಿತು. ಹೊರಡುವವರು ಮೊದಲೇ ಬೇರೆ ಬಗೆಯವರಿರಬಹುದು, ಗಟ್ಟಿಮುಟ್ಟಾದವರೇ ಊರು ಬಿಡಬಹುದು ಎಂಬ ಆಕ್ಷೇಪ ಇಲ್ಲಿ ನಿಲ್ಲುವುದಿಲ್ಲ. ಗಟ್ಟಿಮುಟ್ಟಾದವರು ಹೋಗಿದ್ದರೆ ಕಾಯಿಲೆ ಕಡಿಮೆ ಕಾಣಬೇಕಿತ್ತು. ಮಾಲೂರು, ನರಸಾಪುರಗಳ ಕೈಗಾರಿಕಾ ಪ್ರದೇಶಗಳು ಈಗ ಆ ಬಸ್ಸಿನ ದಾರಿಯನ್ನು ಮನೆಬಾಗಿಲಿಗೇ ತಂದಿವೆ. ಅಣ್ಣ ಪಾಳಿಯ ಕೆಲಸದಲ್ಲಿ, ತಮ್ಮ ಟೊಮೆಟೊ ತೋಟದಲ್ಲಿ ಇರುವ ಮನೆಗಳು ಪ್ರತಿ ಊರಿನಲ್ಲೂ ಇವೆ.

ಅವಳಿ ಅಧ್ಯಯನದ ಮೇಲಿನ ಹಳೆಯ ಆಕ್ಷೇಪಗಳನ್ನು ಚುಟುಕಾಗಿ ನೋಡಿದರೆ ಸಾಕು. ತದ್ರೂಪಿಗಳಿಗೆ ಒಂದೇ ಬಗೆಯ ಬಟ್ಟೆ ತೊಡಿಸಿ ಒಂದೇ ಬಗೆಯಲ್ಲಿ ಬೆಳೆಸುತ್ತಾರೆ, ಹಾಗಾಗಿ ರಕ್ತದ ಪಾಲು ಉಬ್ಬಿ ಕಾಣುತ್ತದೆ ಎಂಬುದರಲ್ಲಿ ಹುರುಳಿದೆ. ಅದು ಆ ಶೇಕಡಾ ಅಂಕಿಗಳನ್ನು ತಗ್ಗಿಸುತ್ತದೆಯೇ ಹೊರತು, ತದ್ರೂಪಿಗಳ ನಡುವಿನ ವ್ಯತ್ಯಾಸದಿಂದ ಕಲಿತದ್ದನ್ನು ಮುಟ್ಟುವುದಿಲ್ಲ. ನಮ್ಮ ಸೀಮೆಗೆ ವಿಶೇಷವಾದ ಆಕ್ಷೇಪ ಬೇರೆಯೇ ಇದೆ, ಅದು ಹೆಚ್ಚು ತೂಕದ್ದು. ಅಕ್ಕನ ಮಗಳನ್ನು ತರುವುದು, ಸೋದರಮಾವನ ಮಗನಿಗೆ ಕೊಡುವುದು ಇಲ್ಲಿ ಹಳೆಯ ರೂಢಿ. 1980ರ ದಶಕದಲ್ಲಿ ಬೆಂಗಳೂರು, ಮೈಸೂರುಗಳ ಒಂದು ಲಕ್ಷಕ್ಕೂ ಮೀರಿದ ನವಜಾತ ಶಿಶುಗಳ ತಂದೆ ತಾಯಿಯರ ಲೆಕ್ಕ ತೆಗೆದಾಗ ಮೂರರಲ್ಲೊಂದರಷ್ಟು ಮದುವೆ ರಕ್ತಸಂಬಂಧದ್ದಾಗಿತ್ತು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲೂ ಕರ್ನಾಟಕದಲ್ಲಿ ಕಾಲು ಭಾಗಕ್ಕಿಂತ ಹೆಚ್ಚು. ಹೀಗಿರುವಾಗ ಒಡಹುಟ್ಟಿದವರು ಅರ್ಧ ಸಮಾನರೆಂಬ ಸ್ವೀಡನ್ನಿನ ಸೂತ್ರ ಇಲ್ಲಿ ಹಾಗೇ ಒಗ್ಗುವುದಿಲ್ಲ. ಸೋದರಮಾವನನ್ನು ಮದುವೆಯಾದವಳ ಮಗುವಿನಲ್ಲಿ ಎಂಟರಲ್ಲೊಂದು ಪಾಲು ಆನುವಂಶಿಕ ಬರಹ ಎರಡೂ ಕಡೆಯಿಂದ ಒಂದೇ ಆಗಿ ಬಂದಿರುತ್ತದೆ. ಹಾಗೆಂದು ಕೈಬಿಡುವುದೇ? ಹೊರಗಿನ ಸೂತ್ರವನ್ನು ಕೈಬಿಟ್ಟು, ಇಲ್ಲಿನ ನಂಟಸ್ತಿಕೆಯನ್ನೇ ಬರೆದುಕೊಂಡು ಇಲ್ಲಿನ ಸೂತ್ರ ಕಟ್ಟಬೇಕು. 2020ರಲ್ಲಿ ಶುರುವಾಗಿ 2025ರ ಜನವರಿಯಲ್ಲಿ 10,000 ಭಾರತೀಯರ ಆನುವಂಶಿಕ ಮಾಹಿತಿಯನ್ನು ಸಂಶೋಧಕರಿಗೆ ತೆರೆದ ಜೀನೋಮ್ ಇಂಡಿಯಾ ಯೋಜನೆ ಅದಕ್ಕೊಂದು ತಳಹದಿ ಹಾಕಿದೆ.

ಇನ್ನೊಂದು ಆಕ್ಷೇಪಕ್ಕೆ ಇಷ್ಟು ಸುಲಭದ ಉತ್ತರವಿಲ್ಲ. ಒಂದು ಮನೆತನದ ಕಾಯಿಲೆ ಕಾಗದದ ಮೇಲೆ ಬಂದರೆ ಆ ಮನೆಯ ಹೆಣ್ಣುಮಕ್ಕಳಿಗೆ ಸಂಬಂಧ ಕೂಡಿಬರುವುದು ಕಷ್ಟವಾಗುತ್ತದೆ. ಗಂಡಿನ ಕಡೆಯವರು ಕೇಳುವ ಮೊದಲ ಪ್ರಶ್ನೆಗಳಲ್ಲಿ ಕಾಯಿಲೆಯೂ ಒಂದು. ಮನೋರೋಗದ ವಿಷಯದಲ್ಲಿ ಇದು ಇನ್ನೂ ಕ್ರೂರ. ನಿಮ್ಹಾನ್ಸ್ ಮತ್ತು ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ ಸೇರಿದಂತೆ ಬೆಂಗಳೂರಿನ ಸಂಸ್ಥೆಗಳು 2016ರಿಂದ ಒಂದೇ ಮನೆಯಲ್ಲಿ ಇಬ್ಬರಿಗಿಂತ ಕಡಿಮೆಯಿಲ್ಲದೆ ತೀವ್ರ ಮಾನಸಿಕ ಕಾಯಿಲೆಯಿರುವ ಕುಟುಂಬಗಳನ್ನು ಅಧ್ಯಯನ ಮಾಡುತ್ತಿವೆ. ಅಲ್ಲಿ ಕಾಯಿಲೆಯಿಲ್ಲದ ಒಡಹುಟ್ಟಿದವರೂ ಭಾಗವಹಿಸುತ್ತಾರೆ, ಏಕೆಂದರೆ ಅದೇ ರಕ್ತ ಹೊತ್ತೂ ಅವರು ಹೇಗೆ ಪಾರಾದರು ಎಂಬುದೇ ಮುಖ್ಯ ಪ್ರಶ್ನೆ. ಇಂಥ ಕುಟುಂಬಗಳ ಹೆಸರು ಗುಟ್ಟಾಗಿ ಉಳಿಯಬೇಕು, ಒಪ್ಪಿಗೆ ಕೊಟ್ಟವರು ಬೇಡವೆಂದಾಗ ಹೊರಬರುವ ಹಕ್ಕಿರಬೇಕು, ಸಿಕ್ಕ ಫಲಿತಾಂಶ ಅವರಿಗೆ ಅವರ ಮಾತಿನಲ್ಲಿ ತಿರುಗಿ ತಲುಪಬೇಕು. ಇವಿಲ್ಲದೆ ನಡೆಯುವ ಕುಟುಂಬ ಅಧ್ಯಯನ ನಡೆಯದಿರುವುದೇ ಮೇಲು. ಆದರೆ ಅಧ್ಯಯನವೇ ಇಲ್ಲದಿದ್ದರೆ ಕಳಂಕ ಹೋಗುತ್ತದೆಯೇ? ಈಗ ಊರಿನ ಬಾಯಿಯಲ್ಲಿರುವ ಕಳಂಕಕ್ಕೆ ಯಾವ ಪರೀಕ್ಷೆಯೂ ಆಗಿಲ್ಲ, ಅದರಲ್ಲಿ ಅರ್ಧಕ್ಕರ್ಧ ರಕ್ತದ್ದಲ್ಲದ್ದನ್ನು ರಕ್ತದ ತಲೆಗೆ ಕಟ್ಟಿರುವ ಸಾಧ್ಯತೆಯೇ ಹೆಚ್ಚು.

ಇದಕ್ಕೆ ಕೋಲಾರ ಜಿಲ್ಲೆಯ ನೀರೇ ಸಾಕ್ಷಿ. ಕೆರೆ ಒಣಗಿ, ಬೋರ್‌ವೆಲ್ ಸಾವಿರ ಅಡಿ ದಾಟಿ ಇಳಿದಂತೆ, ಬಂಡೆಯ ಸಂದಿಯಲ್ಲಿ ಬಹುಕಾಲ ನಿಂತ ನೀರು ಫ್ಲೋರೈಡನ್ನು ಕರಗಿಸಿಕೊಂಡು ಮೇಲೆ ಬರುತ್ತದೆ. ಲೀಟರಿಗೆ 1.5 ಮಿಲಿಗ್ರಾಮ್ ಮೀರಿದರೆ ಕುಡಿಯಲು ತಕ್ಕದ್ದಲ್ಲ. ಹಲ್ಲಿನ ಮೇಲೆ ಕಂದು ಗೆರೆ, ಮುಂದೆ ಬಿಗಿಯುವ ಕೀಲು, ಬಾಗುವ ಬೆನ್ನು: ಅಪ್ಪನಿಗೂ ಇದೆ, ಮಕ್ಕಳಿಗೂ ಇದೆ, ಆದ್ದರಿಂದ ಮನೆತನದ್ದು. ಹಂದಿಗೋಡಿನಲ್ಲಿ ಆಹಾರವೆಂದು ತಿಳಿದದ್ದು ರಕ್ತವಾಗಿತ್ತು. ಇಲ್ಲಿ ರಕ್ತವೆಂದು ತಿಳಿದದ್ದು ನೀರು. ಕಣ್ಣಿಗೆ ಎರಡೂ ಒಂದೇ ಬಗೆ, ಮನೆಗಳಲ್ಲಿ ಗುಂಪುಗೂಡುವ ಕೀಲುನೋವು. ಬಡ ಜಿಲ್ಲೆಗೆ ಮೊದಲು ಒಳ್ಳೆಯ ನೀರು ಕೊಡಿ, ಸಂಶೋಧನೆ ಆಮೇಲೆ ಎನ್ನುವವರ ಆತುರ ನನಗೆ ಅರ್ಥವಾಗುತ್ತದೆ, ಗೌರವವೂ ಇದೆ. ಆದರೆ ನೀರು ಕೊಡಬೇಕಾದದ್ದು ಯಾರ ಹೊಣೆ ಎಂದು ಸಾಬೀತು ಮಾಡುವುದೂ ಇಂಥ ಸಾಕ್ಷ್ಯವೇ. ಕಾಯಿಲೆ ರಕ್ತದ್ದೆಂದು ಒಪ್ಪಿಕೊಂಡ ಊರು ಯಾರನ್ನೂ ಏನನ್ನೂ ಕೇಳುವುದಿಲ್ಲ.

ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ 2018ರಿಂದ ಭಾರತೀಯ ವಿಜ್ಞಾನ ಸಂಸ್ಥೆಯ ಮೆದುಳು ಸಂಶೋಧನಾ ಕೇಂದ್ರ ಒಂದು ದೊಡ್ಡ ಕೆಲಸ ನಡೆಸುತ್ತಿದೆ. 45 ವರ್ಷ ದಾಟಿದ, ಡಿಮೆನ್ಶಿಯಾ ಇಲ್ಲದ 10,000 ಜನರನ್ನು ಸೇರಿಸಿಕೊಂಡು, ಅವರ ನೆನಪು, ರಕ್ತ, ಮೆದುಳಿನ ಚಿತ್ರ, ಆನುವಂಶಿಕ ಮಾಹಿತಿಗಳನ್ನು ವರ್ಷಾಂತರಗಳ ಕಾಲ ಹಿಂಬಾಲಿಸುವುದು ಅದರ ಗುರಿ. ಹಳ್ಳಿಯ ಮುಪ್ಪನ್ನು ಈ ಅಳತೆಯಲ್ಲಿ ನೋಡುವ ಕೆಲಸ ನಮ್ಮ ದೇಶದಲ್ಲಿ ಅಪರೂಪ. ಅದು ನಮ್ಮ ಜಿಲ್ಲೆಗೆ ಬಂದದ್ದು ಭಾಗ್ಯ. ಈ ಬಗೆಯ ಕೆಲಸವನ್ನು ಒಬ್ಬೊಬ್ಬ ವ್ಯಕ್ತಿಯಿಂದ ಅವರ ಒಡಹುಟ್ಟಿದವರಿಗೆ ಹಿಗ್ಗಿಸಬೇಕೆಂಬುದು ನನ್ನ ಬೇಡಿಕೆ, ಅದರಲ್ಲೂ ಅಕ್ಕತಂಗಿಯರಿಗೆ. ಹೆಣ್ಣನ್ನು ಮದುವೆ ಮಾಡಿ ಬೇರೆ ಊರಿಗೆ ಕಳಿಸುವ ನಮ್ಮ ಪದ್ಧತಿ, ಯಾರೂ ಉದ್ದೇಶಿಸದ ಒಂದು ಪರೀಕ್ಷೆಯನ್ನು ಶತಮಾನಗಳಿಂದ ನಡೆಸುತ್ತಲೇ ಇದೆ. ಮುಳಬಾಗಿಲಿನ ಒಂದು ಹಳ್ಳಿಯಲ್ಲಿ ಹುಟ್ಟಿದ ಮೂವರಲ್ಲಿ ಒಬ್ಬಳು ಶ್ರೀನಿವಾಸಪುರದ ಮಾವಿನ ತೋಪಿನ ಊರಿಗೆ, ಒಬ್ಬಳು ಮಾಲೂರಿಗೆ, ಒಬ್ಬಳು ಸೋದರಮಾವನಿಗೇ ಕೊಟ್ಟು ಅದೇ ಬೀದಿಗೆ. ಒಡಲು ಒಂದೇ, ಬಾಲ್ಯದ ಒಲೆ ಒಂದೇ, ಹದಿನೆಂಟು ಇಪ್ಪತ್ತರ ಮೇಲೆ ಬಾವಿ ಬೇರೆ, ದುಡಿಮೆ ಬೇರೆ. ಹಲ್ಲಿನ ಎನಾಮಲ್ ಗಟ್ಟಿಯಾಗುವುದು ಎಳವೆಯ ಮೊದಲ ಏಳೆಂಟು ವರ್ಷಗಳಲ್ಲಿ. ಆಮೇಲೆ ಕುಡಿದ ಫ್ಲೋರೈಡ್ ಹಲ್ಲಿನ ಮೇಲೆ ಆ ಗುರುತು ಮೂಡಿಸುವುದಿಲ್ಲ, ಮೂಳೆಯಲ್ಲಿ ಕೂಡುತ್ತಾ ಹೋಗುತ್ತದೆ. ಅಕ್ಕತಂಗಿಯರ ಹಲ್ಲು ತವರಿನ ನೀರನ್ನು ಹೇಳುತ್ತದೆ, ಅವರ ಬೆನ್ನುಮೂಳೆ ಗಂಡನ ಮನೆಯ ನೀರನ್ನು. ಅವರ ಬಿಪಿ, ಸಕ್ಕರೆ, ನೆನಪುಗಳಲ್ಲಿ ಇನ್ನೂ ಏನೇನು ಬರೆದಿದೆಯೋ ಓದಬೇಕಾಗಿದೆ. ಅದಕ್ಕೆ ಬೇಕಾದದ್ದು ದುಬಾರಿ ಯಂತ್ರಕ್ಕಿಂತ ಮೊದಲು ನಾಲ್ಕು ಪ್ರಶ್ನೆಗಳು, ಮನೆಮನೆಗೆ ಹೋಗುವ ಆಶಾ ಕಾರ್ಯಕರ್ತೆಯರ ಪುಸ್ತಕದಲ್ಲಿ ಬರೆದುಕೊಳ್ಳಬಹುದಾದಂಥವು: ಹುಟ್ಟಿದ ಊರು ಯಾವುದು, ಅಲ್ಲಿ ಎಷ್ಟು ವರ್ಷ ಯಾವ ನೀರು ಕುಡಿದದ್ದು, ಅಕ್ಕತಂಗಿಯರನ್ನು ಎಲ್ಲೆಲ್ಲಿಗೆ ಕೊಟ್ಟಿದೆ, ಅವರು ಹೇಗಿದ್ದಾರೆ.